ಗೊತ್ತಿಲ್ಲದ ಊರಿನ ಪೇಟೆಯಲ್ಲಿ ಒಂದೇ ಸಂಜೆ ಸಿಕ್ಕರೆ ಊಟ, ಡ್ರಿಂಕ್, ಶೋ ಹೇಗೆ ಹೊಂದಿಸಿಕೊಳ್ಳುವುದು?

ಕೆಲಸದ ಮೇಲೆ ಹೊಸ ಊರಿಗೆ ಹೋಗುತ್ತಿದ್ದೀರಿ, ಸಿಗುವುದು ಒಂದೇ ಸಂಜೆ. ಊರ ನಡುವಿನ ಪೇಟೆಯಲ್ಲಿ ಒಳ್ಳೆ ಊಟ, ಒಂದು ಡ್ರಿಂಕ್, ಜೊತೆಗೆ ನಾಟಕವೋ ಸಂಗೀತವೋ ಬೇಕು, ಜಾಗ ಹೇಗೆ ಆರಿಸೋದು ಅಂತ ಕೇಳಿದ್ದೀರಿ. ನಾನೂ ಕೆಲಸಕ್ಕಾಗಿ ಊರೂರು ಸುತ್ತುವವಳು. ಈ ಸಂಜೆಗಳು ನನಗೆ ತುಂಬಾ ಇಷ್ಟ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಶೋ ಟಿಕೆಟ್ ತಗೊಳ್ಳಿ. ಊಟದ ಯೋಚನೆ ಆಮೇಲೆ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಊಟವನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಬಹುದು, ಪರದೆ ಏಳುವ ಹೊತ್ತು ನಮಗಾಗಿ ಕಾಯುವುದಿಲ್ಲ. ಒಮ್ಮೆ ಏಳೂವರೆ ನಾಟಕಕ್ಕೆ ಮುಂಚೆ ಆರೂ ಮುಕ್ಕಾಲಿಗೆ ಊಟಕ್ಕೆ ಕೂತಿದ್ದೆ. ತಟ್ಟೆ ಬಂದಾಗ ಏಳೂ ಇಪ್ಪತ್ತು. ಎರಡು ತುತ್ತು ತಿಂದು ಓಡಿದರೂ ಬಾಗಿಲು ಹಾಕಿಬಿಟ್ಟಿದ್ದರು. ಮೊದಲ ಅಂಕ ಪೂರ್ತಿ ಹೋಯಿತು. ಈಗ ಶೋಗೆ ಮುಂಚೆ ಏನಾದರೂ ಹಗುರವಾಗಿ ತಿನ್ನುತ್ತೇನೆ, ಊಟ ಶೋ ಮುಗಿದ ಮೇಲೆ. ಆದರೆ ಬೆಳಿಗ್ಗೆಯೇ ಹೋಟೆಲಿಗೆ ಫೋನ್ ಮಾಡಿ. ‘ಎಷ್ಟು ಗಂಟೆವರೆಗೆ ತೆರೆದಿರುತ್ತೀರಿ’ ಅಂತ ಕೇಳಬೇಡಿ, ‘ಕೊನೆ ಆರ್ಡರ್ ಎಷ್ಟು ಗಂಟೆಗೆ’ ಅಂತ ಕೇಳಿ. ಬಾಗಿಲು ಹಾಕುವುದಕ್ಕೆ ಎಷ್ಟೋ ಮುಂಚೆಯೇ ಒಲೆ ಆರಿಸುವ ಕಡೆಗಳೇ ಜಾಸ್ತಿ.

ಜಾಗ ಹುಡುಕುವುದಕ್ಕೆ ಕಾಲೇ ಒಳ್ಳೆಯದು. ಕೂರುವ ಮುಂಚೆ ಒಂದು ಸುತ್ತು ನಡೆಯಿರಿ. ಮುಖ್ಯ ರಸ್ತೆ ನೋಡುವುದಕ್ಕೆ ಚೆಂದ, ಊಟಕ್ಕೆ ಅದರ ಪಕ್ಕದ ಎರಡನೇ ಗಲ್ಲಿ ವಾಸಿ. ಕಾರಣ ಬಾಡಿಗೆ. ಮುಖ್ಯ ರಸ್ತೆಯ ಮೂಲೆ ಅಂಗಡಿಯ ಬಾಡಿಗೆ ಕಟ್ಟಲು ದೊಡ್ಡ ಕಂಪನಿಗಳಿಗೇ ಆಗುವುದು. ಸ್ವಂತ ಕೈರುಚಿ ನಂಬಿಕೊಂಡವರು ಒಳಗಡೆಯ ಹಳೇ ಕಟ್ಟಡಗಳಲ್ಲಿ ಇರುತ್ತಾರೆ. ನಗರಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ಈ ಮಾತು ಬರೆದರು: ಹೊಸ ಪ್ರಯೋಗಗಳಿಗೆ ಹಳೇ ಕಟ್ಟಡಗಳೇ ಬೇಕು ಅಂತ. ಬಾಗಿಲುಗಳು ಹತ್ತಿರ ಹತ್ತಿರ ಇರುವ ಬೀದಿ ಆರಿಸಿಕೊಳ್ಳಿ. 100 ಮೀಟರ್‌ಗೆ 15 ಅಂಗಡಿ ಇದ್ದರೆ, ಸುಮ್ನೆ ನಡೆದುಕೊಂಡು ಹೋದರೂ ಐದೈದು ಸೆಕೆಂಡಿಗೆ ಹೊಸದೊಂದು ಕಣ್ಣಿಗೆ ಬೀಳುತ್ತದೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರ 1962ರಲ್ಲಿ ತನ್ನ ಮುಖ್ಯ ಬೀದಿಯಿಂದ ಕಾರುಗಳನ್ನು ತೆಗೆದು ನಡೆಯುವವರಿಗೆ ಬಿಟ್ಟುಕೊಟ್ಟಿತು. ಇಂಥ ಬೀದಿ ನೀವು ಹೋಗುವ ಊರಲ್ಲಿದ್ದರೆ ಅಲ್ಲಿಂದಲೇ ಶುರುಮಾಡಿ.

ಒಳಗೆ ಹೋಗುವ ಮುಂಚೆ ನಾನು ನೋಡುವುದು ಎರಡೇ. ಮೆನು ಚಿಕ್ಕದಾಗಿದೆಯಾ? ಟೇಬಲ್‌ಗಳು ಬೇಗ ಬೇಗ ಖಾಲಿಯಾಗಿ ತುಂಬುತ್ತಿವೆಯಾ? ಜನ ಬರುತ್ತಾ ಹೋಗುತ್ತಾ ಇದ್ದರೆ ಅಡುಗೆ ಹಳಸುವಷ್ಟು ಹೊತ್ತು ಉಳಿಯುವುದಿಲ್ಲ. ಮೊದಲೇ ಮಾಡಿಟ್ಟ ಅಡುಗೆಯಾದರೆ ಹಬೆಯಾಡುತ್ತಿರಬೇಕು. 60 ಡಿಗ್ರಿಗಿಂತ ಕೆಳಗಿಳಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಒಂದು ಸಲ ಇಂಥದೇ ಗಲ್ಲಿಯಲ್ಲಿ ಆರು ಟೇಬಲ್‌ನ ಜಾಗದ ಮುಂದೆ ನಿಂತಿದ್ದೆ. ಒಳಗೆ ಅಡುಗೆ ಮಾಡುತ್ತಿದ್ದ ಹೆಂಗಸು ಸೊಪ್ಪಿನ ಕಟ್ಟು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಎರಡು ದಂಟು ಪಕ್ಕಕ್ಕೆಸೆದು, ಉಳಿದದ್ದನ್ನು ಹೆಚ್ಚಿದರು. ತಟ್ಟೆ ಕಳಿಸುವ ಮುಂಚೆ ಅಂಚನ್ನು ಬಟ್ಟೆಯಿಂದ ಒಮ್ಮೆ ಒರೆಸಿದರು. ಮೆನು ಓದದೆ ಒಳಗೆ ಹೋದೆ. ಆ ಊಟದ ರುಚಿ ಇನ್ನೂ ನಾಲಿಗೆ ಮೇಲಿದೆ.

ಕುಡಿಯುವವರಾದರೆ ಬರಿ ಹೊಟ್ಟೆಯಲ್ಲಿ ಬೇಡ. ಆಲ್ಕೋಹಾಲ್ ರಕ್ತಕ್ಕೆ ಸೇರುವುದು ಹೆಚ್ಚಾಗಿ ಸಣ್ಣ ಕರುಳಿನಿಂದ. ಹೊಟ್ಟೆಯಲ್ಲಿ ಊಟ ಇದ್ದರೆ ಅಲ್ಲಿಗೆ ನಿಧಾನವಾಗಿ ಇಳಿಯುತ್ತದೆ. ಕುಡಿಯದಿದ್ದರೂ ಬಾರ್‌ಗೆ ಹೋಗಲು ಹಿಂಜರಿಯಬೇಡಿ, ಒಂದು ಜ್ಯೂಸ್ ಹಿಡಿದು ಕೂತರೂ ನಡೆಯುತ್ತದೆ.

ಲೈವ್ ಸಂಗೀತದ ಜಾಗದಲ್ಲಿ ಸ್ಪೀಕರ್ ಪಕ್ಕದ ಟೇಬಲ್ ಕೊಟ್ಟರೆ ಬದಲಿಸಿ ಅಂತ ಕೇಳಿ. ಕಿವಿಯ ಸುರಕ್ಷತೆಗೆ ಬಳಸುವ ಒಂದು ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ, 100 ಡೆಸಿಬೆಲ್‌ಗೆ 15 ನಿಮಿಷ ಅಷ್ಟೇ. ಇಯರ್‌ಪ್ಲಗ್ ಜೇಬಿನಲ್ಲಿರಲಿ.

ಶೋ, ಊಟ ಎರಡೂ ಮುಗಿದ ಮೇಲೆ ನೇರ ರೂಮಿಗೆ ಹೋಗಬೇಡಿ. ಹತ್ತಿರದ ಚೌಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ, ಅದಕ್ಕೆ ದುಡ್ಡು ಬೇಕಿಲ್ಲ. ವಿಲಿಯಂ ವೈಟ್ ಅಂತ ಒಬ್ಬರು 1970ರ ದಶಕದಲ್ಲಿ ನ್ಯೂಯಾರ್ಕ್‌ನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದ್ದರು. ಜನರನ್ನು ಎಲ್ಲಕ್ಕಿಂತ ಜಾಸ್ತಿ ಸೆಳೆಯುವುದು ಬೇರೆ ಜನರೇ ಅಂತ ಅವರಿಗೆ ಕಂಡಿತು. ಇನ್ನೊಂದನ್ನೂ ಅವರು ಗಮನಿಸಿದರು. ಎತ್ತಿಡಬಹುದಾದ ಕುರ್ಚಿ ಸಿಕ್ಕರೆ, ಕೂರುವ ಮುಂಚೆ ಜನ ಅದನ್ನು ಒಂದೆರಡು ಇಂಚಾದರೂ ಸರಿಸುತ್ತಾರೆ, ಬಿಸಿಲು ನೆರಳು ಅಂತ ಕಾರಣ ಇಲ್ಲದಿದ್ದರೂ. ಇದನ್ನು ಓದಿದ ಮೇಲೆ ಯಾವ ಚೌಕಕ್ಕೆ ಹೋದರೂ ಕಣ್ಣು ಅದನ್ನೇ ಹುಡುಕುತ್ತದೆ. ನೀವೂ ನೋಡಿ, ಖಂಡಿತ ಒಬ್ಬರಾದರೂ ಸಿಗುತ್ತಾರೆ. ಕೊನೆ ಬಸ್ಸಿನ ಸಮಯ ಮಾತ್ರ ಮೊದಲೇ ಕೇಳಿಟ್ಟುಕೊಂಡಿರಿ.