ಟಿವಿಗೆ ಜೋಡಿಸಿದ ಪಿಸಿಗೆ ವಿಂಡೋಸ್ ಬದಲು ಸ್ಟೀಮ್‌ಓಎಸ್ (ಗೇಮ್‌ಗಳಿಗೆಂದೇ ಮಾಡಿದ ಲಿನಕ್ಸ್) ಥರದ ಲಿನಕ್ಸ್ ಹಾಕಿದರೆ ವಿಂಡೋಸ್ ಗೇಮ್‌ಗಳು ಓಡುತ್ತವಾ?

ಬಹುತೇಕ ಓಡುತ್ತವೆ. ಕೈಕೊಡುವುದು ಮುಖ್ಯವಾಗಿ ಆನ್‌ಲೈನ್ ಪೈಪೋಟಿಯ ಕೆಲವು ಗೇಮ್‌ಗಳು. ನೀವು ಆಡುವುದು ಅವನ್ನೇ ಆದರೆ ಸದ್ಯಕ್ಕೆ ವಿಂಡೋಸ್ ಬಿಡಬೇಡಿ.

ಓಡುವುದಕ್ಕೆ ಕಾರಣ ಪ್ರೋಟಾನ್ ಎಂಬ ತಂತ್ರಾಂಶ. ವಾಲ್ವ್ ಕಂಪನಿ ಇದನ್ನು 2018ರಲ್ಲಿ ತನ್ನ ಗೇಮ್ ಅಂಗಡಿಯಾದ ಸ್ಟೀಮ್‌ಗೆ ಸೇರಿಸಿತು. ವಿಂಡೋಸ್ ಗೇಮ್ ಪರದೆಯ ಮೇಲೆ ಚಿತ್ರ ಮೂಡಿಸಲು ಸಾಮಾನ್ಯವಾಗಿ ಡೈರೆಕ್ಟ್‌ಎಕ್ಸ್ ಎಂಬ ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯ ಮೂಲಕ ಕೇಳುತ್ತದೆ. ಲಿನಕ್ಸ್‌ಗೆ ಅದು ಗೊತ್ತಿಲ್ಲ, ಅಂಥದೇ ಕೆಲಸದ ವಲ್ಕನ್ ಗೊತ್ತು. ಪ್ರೋಟಾನ್ ಆಟ ನಡೆಯುತ್ತಿರುವಾಗಲೇ ಒಂದನ್ನು ಇನ್ನೊಂದಕ್ಕೆ ಬದಲಿಸುತ್ತಾ ಹೋಗುತ್ತದೆ. ಒಳಗೆ ಇಡೀ ವಿಂಡೋಸ್ ಓಡಿಸುವ ಕೆಲಸ ಇಲ್ವಲ್ಲ, ಹಾಗಾಗಿ ವೇಗ ಸಾಮಾನ್ಯವಾಗಿ ಜಾಸ್ತಿ ಕುಗ್ಗುವುದಿಲ್ಲ. ವಾಲ್ವ್‌ನ ಕೈಯಲ್ಲಿ ಹಿಡಿದು ಆಡುವ ಸಾಧನ ಸ್ಟೀಮ್ ಡೆಕ್ ನಡೆಯುವುದೂ ಹೀಗೇ.

ತೊಡಕು ಬರುವುದು ಆಂಟಿ-ಚೀಟ್‌ನಿಂದ, ಅಂದರೆ ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶದಿಂದ. ವ್ಯಾಲರಂಟ್ ಎಂಬ ಆನ್‌ಲೈನ್ ಶೂಟಿಂಗ್ ಗೇಮ್‌ನದು ವಿಂಡೋಸ್‌ನ ತಿರುಳಿಗೇ (ಕರ್ನಲ್) ಇಳಿದು ಕಾವಲು ಕೂರುತ್ತದೆ. ಲಿನಕ್ಸ್‌ನಲ್ಲಿ ಆ ತಿರುಳೇ ಇಲ್ಲ. ಪ್ರೋಟಾನ್ ಇಲ್ಲಿ ಏನೂ ಮಾಡಲಾಗದು.

ಗ್ರಾಫಿಕ್ಸ್ ಕಾರ್ಡ್ ಎಎಂಡಿಯದಾದರೆ ಕೆಲಸ ಸಲೀಸು. ಎನ್ವಿಡಿಯಾ ಇದ್ದರೆ ಬಝೈಟ್ ಎಂಬ ಇನ್ನೊಂದು ಗೇಮಿಂಗ್ ಲಿನಕ್ಸ್ ನೋಡಿ, ಅದರಲ್ಲಿ ಎನ್ವಿಡಿಯಾಕ್ಕೇ ಬೇರೆ ಆವೃತ್ತಿ ಇದೆ. ಅದರ ಮುಖಪರದೆಯೂ ಸ್ಟೀಮ್‌ಓಎಸ್‌ನದೇ. ಸೋಫಾದಲ್ಲಿ ಕೂತು ಕಂಟ್ರೋಲರ್‌ನಿಂದಲೇ ಎಲ್ಲ ನಡೆಸಬಹುದು, ನನಗಂತೂ ಇದೇ ದೊಡ್ಡ ಆಕರ್ಷಣೆ.

ಸುಮ್ನೆ ನೋಡೋಣ ಅನ್ನುವವರು ಬೇರೆ ಎಸ್‌ಎಸ್‌ಡಿಗೆ ಹಾಕಿ. ಸ್ಟೀಮ್‌ಓಎಸ್‌ನ ರಿಕವರಿ ಇಮೇಜ್‌ನಿಂದ (ಅದನ್ನು ಹಾಕಲು ಬಳಸುವ ಫೈಲ್) ಹೊಸದಾಗಿ ಹಾಕಿದರೆ ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.