ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಗೆ ಪ್ರವಾಸಿಗರು ಬಂದರೆ ಊರಿನವರಿಗೆ ಲಾಭವಿದೆಯಾ?

ಇದೆ. ಆದರೆ ದುಡ್ಡು ಯಾರ ಕೈ ಸೇರುತ್ತದೆ ಅನ್ನೋದೇ ಮುಖ್ಯ. ಹೊರಗಿನವರು ರೆಸಾರ್ಟ್ ಕಟ್ಟಿದರೆ ಊರಿಗೆ ಉಳಿಯೋದು ಪಾತ್ರೆ ತೊಳೆಯೋ ಕೆಲಸ, ಜೊತೆಗೆ ಒಂದಷ್ಟು ಕಸ.

ಕುಮಟಾ ತಾಲೂಕಿನ ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇಲ್ಲಿ ತೋರಿಸೋಕೆ ಹೊಸದಾಗಿ ಏನೂ ಕಟ್ಟಬೇಕಿಲ್ಲ. ನೀರು ಇಳಿದಾಗ ಜನ ಸೊಂಟದವರೆಗೆ ಇಳಿದು ಕೆಸರಿನಿಂದ ಬಳಚು ಅನ್ನೋ ಚಿಪ್ಪುಜೀವಿ ಹೆಕ್ಕುತ್ತಾರೆ. ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಗಳಲ್ಲಿ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಏಡಿ, ಮೀನುಮರಿ. ಇದನ್ನೆಲ್ಲ ವಿವರಿಸೋಕೆ ಅಲ್ಲಿನ ಮೀನುಗಾರರಿಗಿಂತ ಒಳ್ಳೆ ಗೈಡ್ ಸಿಗ್ತಾರಾ?

ಹಾಗಾಗಿ ದೋಣಿ ಅವರದೇ ಇರಲಿ, ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಆಗಲಿ. ಕಗ್ಗದ ಅನ್ನ, ಬಳಚಿನ ಸುಕ್ಕ. ಹೊರಡುವಾಗ ಎರಡು ಕಿಲೋ ಕಗ್ಗ ಅಕ್ಕಿ ಕೊಂಡರೆ ಗಜನಿ ಬೇಸಾಯಕ್ಕೂ ಆಸರೆ. ದೋಣಿ ಟಿಕೆಟ್ ಹಣದಲ್ಲಿ ಗ್ರಾಮ ಅರಣ್ಯ ಸಮಿತಿಗೊಂದು ಪಾಲು ಬರೆದಿಟ್ಟರೆ ಕಾಂಡ್ಲಾ ನೆಡೋಕೆ ಆಗುತ್ತದೆ.

ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಜನರನ್ನು ಸೆಳೆಯೋ ಆ ಮಾದರಿ ಬೀಚಿಗೆ ಸರಿ. ಅಳಿವೆಗೆ ಅಷ್ಟು ಜನ ಬೇಡ. ಮೋಟಾರ್ ದೋಣಿ ಜಾಸ್ತಿಯಾದರೆ ಮೊದಲು ಹಾಳಾಗೋದು ಬಳಚಿನ ಜಾಗವೇ, ಅಲ್ವಾ?