ಗಾಡಿ ಪ್ರಶ್ನೋತ್ತರ: ಸ್ಪೇಸರ್ ಹಾಕಿಸಲೇ, ಬೇಡವೇ?

ಪ್ರಶ್ನೆ: ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ. ತೋಟದ ಕೆಸರು ದಾರಿಗೆಂದು 235/75 ಆರ್15 ಟಯರ್ ಹಾಕಿಸಿದೆ. ರಿಮ್ ಕಂಪನಿಯದೇ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟಯರ್ ಒಳಗೆ ಆಕ್ಸಲ್‌ನ ಆರ್ಮ್‌ಗೆ ಉಜ್ಜುತ್ತದೆ. ಅಂಗಡಿಯವರು 30 ಮಿ.ಮೀ. ಸ್ಪೇಸರ್ ಹಾಕಿ ಅನ್ನುತ್ತಾರೆ. ಹಾಕಿಸಲೇ?
(ಸಕಲೇಶಪುರದ ಓದುಗರು)

ಉತ್ತರ: ಸ್ಪೇಸರ್ ಎಂದರೆ ಹಬ್‌ಗೂ (ಚಕ್ರ ಕೂರುವ ನಡುಭಾಗ) ರಿಮ್‌ಗೂ ನಡುವೆ ಕೂರಿಸುವ ಲೋಹದ ಬಿಲ್ಲೆ, ಚಕ್ರವನ್ನು ತನ್ನ ದಪ್ಪದಷ್ಟು ಹೊರಕ್ಕೆ ತರುತ್ತದೆ. ಮೊದಲು ಲೆಕ್ಕ ಹಾಕೋಣ. ಕಂಪನಿಯ ಟಯರ್ 195 ಮಿ.ಮೀ. ಅಗಲ, ನಿಮ್ಮದು 235. ಹೆಚ್ಚಾದ 40ರಲ್ಲಿ 20 ಒಳಕ್ಕೆ ಹೋಯಿತು, 20 ಹೊರಕ್ಕೆ ಬಂತು. ಉಜ್ಜುತ್ತಿರುವುದು ಒಳಗಿನ ಆ 20. ಅಂದರೆ ಚಕ್ರವನ್ನು 20 ಮಿ.ಮೀ. ಹೊರಗೆ ತಂದರೆ ಸಾಕು, 30 ಬೇಕಿಲ್ಲ. ಮತ್ತೆ 30 ಯಾಕೆ ಮಾರುತ್ತಾರೆ? ಸ್ಪೇಸರ್ 25ಕ್ಕಿಂತ ತೆಳುವಾದರೆ ಹಬ್‌ನ ಮೂಲ ಸ್ಟಡ್‌ಗಳ (ನಟ್ ಕೂರುವ ಥ್ರೆಡ್ ಕಡ್ಡಿಗಳ) ತುದಿ ಅದರಿಂದ ಹೊರಗೆ ಇಣುಕಿ ರಿಮ್‌ಗೆ ತಾಗುವ ಅಪಾಯವಿದೆ. ಅದರಿಂದ ತಪ್ಪಿಸಿಕೊಳ್ಳಲು 30. ಹೆಚ್ಚುವರಿ 10 ಮಿ.ಮೀ.ಯ ಭಾರ ಹೊರುವುದು ನಿಮ್ಮ ಬೇರಿಂಗ್.

ಕಂಪನಿಯ ರಿಮ್ 5.5 ಇಂಚು ಅಗಲ, ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖದವರೆಗಿನ ಅಂತರ, ಮಿ.ಮೀ. ಲೆಕ್ಕದಲ್ಲಿ; ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ) ಪ್ಲಸ್ 5. 30ರ ಸ್ಪೇಸರ್ ಹಾಕಿದರೆ ಅದು ಮೈನಸ್ 25 ಆಗುತ್ತದೆ, ಟಯರಿನ ಹೊರಗೋಡೆ ಮೊದಲಿಗಿಂತ 50 ಮಿ.ಮೀ. ಆಚೆ ನಿಲ್ಲುತ್ತದೆ. ಆಗ ಒಳಗಿನ ಉಜ್ಜಾಟ ನಿಂತು, ತಿರುವಿನಲ್ಲಿ ಮುಂದಿನ ಬಂಪರ್ ಮೂಲೆಗೂ ಮಡ್ಗಾರ್ಡ್‌ಗೂ ಉಜ್ಜಾಟ ಶುರುವಾಗಬಹುದು. ಚಕ್ರ ಹೊರಗೆ ಹೋದಷ್ಟೂ ಅದು ತಿರುಗುವ ವೃತ್ತ ದೊಡ್ಡದಾಗುತ್ತದಲ್ಲ! ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಒದೆಯುವುದೂ ಜಾಸ್ತಿ. ಮುಂದಿನ ನಕಲ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್ ಸ್ವಲ್ಪ ಸವೆದಿದ್ದರೆ, ಅಲ್ಲಿಯವರೆಗೆ ಗೊತ್ತೇ ಆಗದಿದ್ದ ನಡುಕ ಎದ್ದು ಕಾಣುತ್ತದೆ.

ನಮ್ಮ ಸಲಹೆ: ಸ್ಪೇಸರ್ ಬಿಡಿ, ರಿಮ್ ಬದಲಿಸಿ. 235ರ ಟಯರಿಗೆ 5.5 ಇಂಚಿನ ರಿಮ್ ಹೇಗೂ ಕಿರಿದು, ಕನಿಷ್ಠ 6 ಇಂಚು ಬೇಕು. 6 ಇಂಚಿನ, ಮೈನಸ್ 15ರ ಆಸುಪಾಸಿನ ಆಫ್‌ಸೆಟ್ ಇರುವ ರಿಮ್ ತಂದರೆ ಟಯರಿನ ಒಳಗೋಡೆ ಮೊದಲಿದ್ದ ಜಾಗಕ್ಕೇ ಬರುತ್ತದೆ. ಪಿಸಿಡಿ (ಸ್ಟಡ್‌ಗಳ ಸಂಖ್ಯೆ ಮತ್ತು ಅವು ನಿಂತ ವೃತ್ತದ ವ್ಯಾಸ) 5x139.7, ನಡುವಿನ ತೂತು 108 ಮಿ.ಮೀ. ಇರಲಿ. ರಿಮ್‌ನಿಂದಲೂ ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಬ್‌ಗೂ ಚಕ್ರಕ್ಕೂ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಜೋಡಣೆ ಇರುವುದಿಲ್ಲ.

ಅಷ್ಟು ಖರ್ಚು ಬೇಡವೆಂದರೆ, ನಕಲ್ ಮೇಲಿರುವ ಸ್ಟೇರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಗೆ ತಿರುಗಿಸಿ ಲಾಕ್ (ಚಕ್ರ ತಿರುಗುವ ಮಿತಿ) ಕಡಿಮೆ ಮಾಡಿಸಿ. ಗಾಡಿ ತಿರುಗಲು ಜಾಗ ತುಸು ಹೆಚ್ಚು ಬೇಕಾಗುತ್ತದೆ. ಉಜ್ಜಾಟ ಕೊಂಚವೇ ಇದ್ದರೆ ಇಷ್ಟಕ್ಕೇ ನಿಲ್ಲುತ್ತದೆ.

ಪ್ರಶ್ನೆ: ಸ್ಪೇಸರ್ ಆಗಲೇ ಕೊಂಡಿದ್ದೇನೆ. ಸರಿಯಾಗಿ ಕೂರಿಸುವುದು ಹೇಗೆ?
(ಮಡಿಕೇರಿ)

ಉತ್ತರ: ಕೂರಿಸುವ ಮೊದಲು ಪರೀಕ್ಷೆ. ಹಬ್ ಮೇಲೆ ಸ್ಪೇಸರ್ ಇಟ್ಟು, ಅದರ ಮುಖಕ್ಕೆ ಅಡ್ಡಲಾಗಿ ಉಕ್ಕಿನ ಸ್ಕೇಲ್ ಹಿಡಿಯಿರಿ. ಯಾವ ಸ್ಟಡ್ ತುದಿಯೂ ಸ್ಕೇಲ್‌ಗೆ ತಾಗಬಾರದು, ಕನಿಷ್ಠ 1 ಮಿ.ಮೀ. ಒಳಗಿರಬೇಕು. ತಾಗಿದರೆ ರಿಮ್ ಕೂರುವುದು ಸ್ಟಡ್ ತುದಿಯ ಮೇಲೆ. ಟಾರ್ಕ್ ರೆಂಚ್ 'ಕಟ್' ಅನ್ನುತ್ತದೆ, ಚಕ್ರ ಮಾತ್ರ ಬಿಗಿಯಾಗಿರುವುದಿಲ್ಲ. ಸ್ಪೇಸರಿನ ಒಳತೂತು ಹಬ್‌ಗೆ ಅಲ್ಲಾಡದಂತೆ ಕೂರಬೇಕು, ಹೊರಮುಖದಲ್ಲೂ ರಿಮ್‌ನ ನಡುತೂತು ಕೂರಲು 108ರ ಅಂಚು ಇರಬೇಕು. ಆ ಅಂಚಿಲ್ಲದ ಸ್ಪೇಸರ್ ಆದರೆ ಅಂಗಡಿಗೆ ವಾಪಸ್ ಕೊಡಿ.

ಹಬ್ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ಒಂದು ಚೂರು ತುಕ್ಕಿನ ಹಕ್ಕಳೆ ಉಳಿದರೂ ನಾಲ್ಕು ದಿನದಲ್ಲಿ ಪುಡಿಯಾಗಿ ನಟ್ ಸಡಿಲವಾಗುತ್ತದೆ. ಗ್ರೀಸ್ ಬೇಕಾದರೆ ನಡುವಿನ ಅಂಚಿಗೆ ಬೆರಳಿನಿಂದ ತೆಳ್ಳಗೆ ಸವರಿ, ಅಷ್ಟೇ. ಮುಖಕ್ಕೂ ಥ್ರೆಡ್‌ಗೂ ಬೇಡ: ಎಣ್ಣೆ ಹತ್ತಿದ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಸ್ಟಡ್ ಹೆಚ್ಚು ಎಳೆಯಲ್ಪಡುತ್ತದೆ.

ಒಳಗಿನ ನಟ್‌ಗಳನ್ನು (ಸ್ಪೇಸರನ್ನು ಹಬ್‌ಗೆ ಹಿಡಿಯುವವು) ನಕ್ಷತ್ರದ ಕ್ರಮದಲ್ಲಿ, ಒಂದು ಬಿಟ್ಟು ಒಂದು, ಮೊದಲು 50, ಆಮೇಲೆ 100 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಅವು ಕಿರಿದಾದ ಗುಳಿಯಲ್ಲಿರುವುದರಿಂದ ತೆಳುಗೋಡೆಯ ಸಾಕೆಟ್ ಬೇಕಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಗನ್ ಇಲ್ಲಿ ಬೇಡವೇ ಬೇಡ. ನಂತರ ಸ್ಪೇಸರಿನದೇ ಸ್ಟಡ್‌ಗಳಿಗೆ ಚಕ್ರ, ಅದಕ್ಕೂ 100. ಸುಮಾರು 80 ಕಿ.ಮೀ. ಓಡಿಸಿ, ಚಕ್ರ ಬಿಚ್ಚಿ ಒಳಗಿನ ನಟ್ ಮತ್ತೆ ನೋಡಿ. ಜನ ಹೊರಗಿನ ನಟ್ ಬಿಗಿದು ಸಮಾಧಾನಪಟ್ಟುಕೊಳ್ಳುತ್ತಾರೆ, ಸಡಿಲವಾಗುವುದು ಒಳಗಿನದು. ಆಮೇಲೆ ಟಯರ್ ರೊಟೇಶನ್ ಮಾಡಿದಾಗಲೆಲ್ಲ, ದೊಡ್ಡ ಟ್ರೇಲ್‌ಗೆ ಹೋಗಿ ಬಂದಾಗಲೆಲ್ಲ ಇದೇ ಕೆಲಸ. ನಟ್ ಸುತ್ತ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಅಲ್ಲಿ ಲೋಹ ಅಲ್ಲಾಡುತ್ತಿದೆ ಎಂದರ್ಥ, ಆ ದಿನವೇ ಬಿಚ್ಚಿ.

ಪ್ರಶ್ನೆ: ಹಳೆಯ ಜಿಪ್ಸಿಗೆ 5 ಮಿ.ಮೀ. ಪ್ಲೇಟ್ ಸ್ಪೇಸರ್ ಸಾಕೇ? ಊರಿನ ಲೇತ್‌ನಲ್ಲಿ ಮಾಡಿಸಬಹುದೇ?
(ಮೂಡಿಗೆರೆ)

ಉತ್ತರ: ಪ್ಲೇಟ್ (ತನ್ನದೇ ಸ್ಟಡ್ ಇಲ್ಲದ ತೆಳು ಬಿಲ್ಲೆ) ಹಾಕಿದಾಗ ಸ್ಟಡ್ ಅಷ್ಟೇ ಗಿಡ್ಡವಾಗುತ್ತದೆ. ಜಿಪ್ಸಿಯ ಸ್ಟಡ್ ಎಂ12 (12 ಮಿ.ಮೀ. ವ್ಯಾಸ), 1.25 ಪಿಚ್ (ಒಂದು ಸುತ್ತಿಗೆ 1.25 ಮಿ.ಮೀ.). 5 ಮಿ.ಮೀ. ಅಂದರೆ ನಟ್‌ಗೆ ನಾಲ್ಕು ಸುತ್ತು ಖೋತಾ. ಕೈಯಲ್ಲೇ ತಿರುಗಿಸಿ ಎಣಿಸಿ: ಪೂರ್ತಿ 10 ಸುತ್ತು ಸಿಗಬೇಕು. ಸಿಗದಿದ್ದರೆ ಉದ್ದ ಸ್ಟಡ್ ಹಾಕಿಸದೆ ಓಡಿಸಬೇಡಿ.

ಸರಳ ಪ್ಲೇಟ್ ಆದರೆ ಒಳ್ಳೆಯ ಲೇತಿನವರು ಮಾಡಿಕೊಟ್ಟಾರು, ಎರಡೂ ಮುಖ ಸಮಾನಾಂತರವಾಗಿರಬೇಕಷ್ಟೆ. ಸ್ಟಡ್ ಇರುವ ದಪ್ಪ ಸ್ಪೇಸರ್ ಮಾತ್ರ ಬೇಡ. ಗುಜರಿಯಿಂದ ತಂದ ಅಲ್ಯೂಮಿನಿಯಂ ಯಾವ ದರ್ಜೆಯದೆಂದು ನೋಡಿ ಹೇಳಲಾಗದು. ಬೇಕಾಗಿರುವುದು 6061-ಟಿ6 ಅಥವಾ ಅದಕ್ಕಿಂತ ಗಟ್ಟಿಯಾದದ್ದು, ಸ್ಟಡ್ 10.9 ದರ್ಜೆಯದು. ಕೊಂಡದ್ದನ್ನೂ ಅಳೆದು ನೋಡಿ: ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುಮಧ್ಯದ ಅಂತರ 82.1 ಮಿ.ಮೀ. ಬರಬೇಕು.

ಪ್ರಶ್ನೆ: ಸ್ಪೇಸರ್ ಹಾಕಿದರೆ ಗಾಡಿ ಪಲ್ಟಿಯಾಗುವುದಿಲ್ಲವಂತೆ, ಹೌದೇ? ಆರ್‌ಟಿಒ ತೊಂದರೆ?
(ಶಿರಸಿ)

ಉತ್ತರ: ಜಿಮ್ನಿಯ ಮುಂದಿನ ಚಕ್ರಗಳ ಅಂತರ 1395 ಮಿ.ಮೀ. ಎರಡೂ ಬದಿಗೆ 30 ಸೇರಿಸಿದರೆ 60, ಅಂದರೆ ಶೇ. 4.3. ಪಕ್ಕಕ್ಕೆ ವಾಲಿದ ಇಳಿಜಾರಿನಲ್ಲಿ ಒಂದಿಷ್ಟು ಧೈರ್ಯ ಕೊಡುತ್ತದೆ, ಪಲ್ಟಿಯೇ ಆಗದು ಅನ್ನುವುದು ಅಂಗಡಿ ಮಾತು. ಜೊತೆಗೆ ಲಿಫ್ಟ್ ಮಾಡಿಸಿ ಗಾಡಿಯನ್ನು ಎತ್ತರಿಸಿದ್ದರೆ ಗಳಿಸಿದ್ದನ್ನು ಅಲ್ಲೇ ಕಳೆದುಕೊಂಡಿರಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು. 182ಎ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಸ್ಪೇಸರ್ ಯಾರ ಕಣ್ಣಿಗೂ ಬೀಳದು. ಮಡ್ಗಾರ್ಡ್ ದಾಟಿ ಹೊರಚಾಚಿದ ಟಯರ್ ದೂರದಿಂದಲೇ ಕಾಣುತ್ತದೆ, ಹಿಂದಿನವರ ಗಾಜಿಗೆ ಜಲ್ಲಿಯನ್ನೂ ಎಸೆಯುತ್ತದೆ. ಬೇರಿಂಗ್ ಹೋದರೆ ವಾರಂಟಿಯಲ್ಲಿ ಬದಲಿಸಿಕೊಡಿ ಎಂದು ಕೇಳುವುದೂ ಆಮೇಲೆ ಕಷ್ಟ.